ಬೆಲ್ಲದ ನೂಲು

ಗಾಜಿನ ಕಡ್ಡಿಯ ತುದಿಗೆ ಜೇನಿನ ಬಣ್ಣದ ಒಂದು ಹನಿ. ದಸ್ತಗೀರ ಸರ್ ಉಸಿರು ಬಿಗಿಹಿಡಿದು ಕಡ್ಡಿಯನ್ನು ಮೇಲೆತ್ತುತ್ತಿದ್ದರು. ಗೇಣುದ್ದ ನೂಲು ಬರುತ್ತಿತ್ತು. ಆರಿದೊಡನೆ ಟಕ್ಕನೆ ಮುರಿಯುತ್ತಿತ್ತು. "ಹೋತು," ಎಂದು ನಕ್ಕು ಕಡ್ಡಿಯನ್ನು ಮತ್ತೆ ಅದ್ದುತ್ತಿದ್ದರು.

ಅವರ ಅಂಗಿಗೆ ಎರಡನೆಯ ಗುಂಡಿ ಇರಲಿಲ್ಲ. ಅಲ್ಲೊಂದು ಪಿನ್ನು. ಹೆಂಡತಿ ಸೂಜಿದಾರ ತಂದರೆ ತಡೆಯುತ್ತಿದ್ದರಂತೆ: "ಇದನ್ನ ಹಚ್ಚಾಕ ನನ್ನ ನೂಲ ಬರ್ತೈತಿ, ತಡಿ."

ಸಿಂದಗಿಯ ಕಾಲೇಜಿನಲ್ಲಿ ಅವರು ನನಗೆ ರಸಾಯನಶಾಸ್ತ್ರ ಕಲಿಸಿದವರು. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಬಂದು ಅವರ ಪ್ರಯೋಗಾಲಯವನ್ನೇ ಸೇರಿದೆ. ಅರಬ ದೇಶಗಳ ಎಣ್ಣೆ ತುಟ್ಟಿಯಾಗಿ ಜನ ಸೀಮೆಎಣ್ಣೆಗೆ ಪಾಳಿ ನಿಲ್ಲುತ್ತಿದ್ದ ಕಾಲ. "ಪ್ಲಾಸ್ಟಿಕ್ ಮಾಡಾಕ ನೆಲದಾಗಿನ ಎಣ್ಣೀನ ಬೇಕಂತ ಯಾರ್ ಹೇಳ್ಯಾರ ತಂಗಿ? ಕಬ್ಬಿನ ಸಕ್ಕರಿ ಏನ್ ಪಾಪ ಮಾಡೈತಿ?" ಎನ್ನುತ್ತಿದ್ದರು.

ಬೆಲ್ಲದ ನೀರಿಗೆ ಮೊಸರಿನ ಹೆಪ್ಪು ಹಾಕಿ ದಿನಗಟ್ಟಲೆ ಹುಳಿಯಾಗಲು ಬಿಡುತ್ತಿದ್ದೆವು. ಅದರಲ್ಲಿನ ಲ್ಯಾಕ್ಟಿಕ್ ಆಮ್ಲವನ್ನು ಬೇರ್ಪಡಿಸಿ, ಕಾಯಿಸಿ ಕಾಯಿಸಿ ನೀರನ್ನು ಹೊರಹಾಕುತ್ತಿದ್ದೆವು. ನೀರು ಹೋದಂತೆ ಅದರ ಕಣಗಳು ಒಂದರ ಕೈಯನ್ನೊಂದು ಹಿಡಿದು ಸರಪಳಿಯಾಗುತ್ತವೆ. ಸರಪಳಿ ಉದ್ದವಾದರೆ ನೂಲು ಗಟ್ಟಿ. ನಮ್ಮದು ಉದ್ದವಾಗುತ್ತಲೇ ಇರಲಿಲ್ಲ.

"ಇದೇನ್ ಕಾಲೇಜೋ, ಮಿಠಾಯಿ ಅಂಗಡಿಯೋ?" ಎಂದರು ಪ್ರಿನ್ಸಿಪಾಲರು. "ಬ್ಯಾಸಿಗಿ ಸೂಟಿಯೊಳಗ ಈ ಮೂಲಿ ಖಾಲಿ ಆಗ್ಬೇಕ್ರಿ."

"ಅಷ್ಟ್ರಾಗ ಗುಂಡಿ ಹಚ್ಚಿ ತೋರಸ್ತೇನ್ರಿ," ಎಂದರು ಸರ್.

ಬೆಲ್ಲ ಬರುತ್ತಿದ್ದುದು ಆಲಮೇಲದಿಂದ, ಅವರ ತಮ್ಮ ಮೌಲಾಸಾಬರ ಕಬ್ಬಿನ ಗಾಣದಿಂದ. ಒಂದು ರವಿವಾರ ನಾವಿಬ್ಬರೂ ಅಲ್ಲಿಗೆ ಹೋದೆವು. ಕಡಾಯಿಯಲ್ಲಿ ಕಬ್ಬಿನ ಹಾಲು ಉಕ್ಕಿ ಬರುತ್ತಿದ್ದಂತೆ ಮೌಲಾಸಾಬರು ಮಿಳ್ಳಿಯಿಂದ ಕುಸುಬಿ ಎಣ್ಣೆ ಸುರಿದರು. ನೊರೆ ತಟ್ಟನೆ ಇಳಿಯಿತು.

"ಎಲ್ಲಾ ಬೆಲ್ಲಕ್ಕೂ ಹಾಕ್ತೀರೇನ್ರಿ?" ಎಂದೆ.

"ಎಲ್ಲಾರಿಗೂ ಚೂರ ಹಾಕ್ತೀವ್ರಿ ಬಾಯಾರ. ಅಣ್ಣಂದಂದ್ರ ಇನ್ನೊಂದ್ ಮಿಳ್ಳಿ. ಬೆಣ್ಣಿ ಆದಂಗ ಆಗ್ತೈತಿ!"

ಸರ್ ನನ್ನ ಮುಖ ನೋಡಿದರು. ಲ್ಯಾಕ್ಟಿಕ್ ಆಮ್ಲದ ಕಣಕ್ಕೆ ಎರಡು ಕೈ, ಎಣ್ಣೆಯ ಆಮ್ಲಕ್ಕೆ ಒಂದೇ. ಅದು ಸರಪಳಿಯ ತುದಿಯನ್ನು ಹಿಡಿದರೆ ಮುಂದಿನ ಕಣಕ್ಕೆ ಹಿಡಿಯಲು ಏನೂ ಉಳಿಯುವುದಿಲ್ಲ.

"ಪ್ರೀತೀಲೆ ನನ್ನ ನೂಲ್ ಕಡದೀಯಲ್ಲೋ ಮೌಲಾ!" ಸರ್ ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಕುಳಿತು, ಕೆಮ್ಮು ಬರುವವರೆಗೆ ನಕ್ಕರು.

"ಎಣ್ಣಿ ಇಲ್ದ ಬೆಲ್ಲ ಮಾಡಿದ್ರ ಊರ ನಗ್ತೈತಿ."

"ನಗ್ಲಿ. ನೀ ಮಾಡು."

ಸಣ್ಣ ಕಡಾಯಿಯಲ್ಲಿ, ಹನಿ ಎಣ್ಣೆಯಿಲ್ಲದೆ, ಅಣ್ಣತಮ್ಮಂದಿರು ಸವುಟಿನಿಂದ ನೊರೆ ಬಡಿಯುತ್ತ ಬೆಲ್ಲ ಇಳಿಸಿದರು. ಅರ್ಧ ಉಕ್ಕಿ ಒಲೆಗೇ ಹೋಯಿತು.

ಆ ಬೆಲ್ಲ ಹುಳಿಯಾಗುತ್ತಿರುವಾಗಲೇ ಸರ್ ಅವರ ಕೆಮ್ಮು ಹೆಚ್ಚಿತು. ಬಿಜಾಪುರದ ಆಸ್ಪತ್ರೆಗೆ ಹೊರಟವರು ಬಸ್ಸಿನ ಕಿಟಕಿಯಿಂದ ಕೂಗಿದರು: "ಹುಳಿ ಆದ ಕೂಡ್ಲೆ ಸೋಸು ತಂಗಿ. ನಾ ಬರೂತನಕ ಕಾಯಬ್ಯಾಡ."

"ಆಯ್ತ್ರಿ ಸರ್," ಎಂದೆ.

ಅದೇ ವಾರ ಅವರು ತೀರಿಕೊಂಡರು; ಆಲಮೇಲದಲ್ಲಿ ಮಣ್ಣಾಯಿತು. ಮನೆಯ ಗೂಟದಲ್ಲಿ ಅಂಗಿ ತೂಗುತ್ತಿತ್ತು, ಪಿನ್ನು ಹಾಗೆಯೇ. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ಅವರ ಹೆಂಡತಿ ಸೆರಗಿನ ಗಂಟು ಬಿಚ್ಚಿದರು. ಒಳಗೆ ಆ ಗುಂಡಿ. ಅಂಗಿಯ ಜೊತೆ ಅದನ್ನೂ ನನ್ನ ಕೈಗಿಟ್ಟರು. "ಹಠ ಅವರ್ದು. ಈಗ ನಿಂದವ್ವಾ."

ಮರುದಿನ ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆಗೆದೆ. ಅಂಗಿಯನ್ನು ಮೊಳೆಗೆ ತೂಗುಹಾಕಿ, ದಾರವಿಲ್ಲದ ಸೂಜಿಯೊಂದನ್ನು ಸೆರಗಿಗೆ ಚುಚ್ಚಿಕೊಂಡು, ಹುಳಿ ಸೋಸಲು ಕುಳಿತೆ.