ಮಾಳವ್ವ ಕಲ್ಲು ದಾಟಿರಲಿಲ್ಲ

ಆಗೆಲ್ಲ ಊರಿಗೆ ಬೇನೆ ಬಂತೆಂದರೆ ಮನೆಗೆ ಕೀಲಿ ಹಾಕಿ ಹೊಲ ಸೇರುವುದೊಂದೇ ನಮಗೆ ಗೊತ್ತಿದ್ದ ಉಪಾಯ. ಪ್ಲೇಗಿನ ಕಾಲದಲ್ಲಿ ಹಾಗೆ ಗುಡಿಸಲು ಹಾಕಿಕೊಂಡು ಉಳಿದವರು ನಮ್ಮ ಮಮದಾಪುರದಲ್ಲಿ ಬಹಳ ಮಂದಿ ಇದ್ದರು. ನನ್ನ ಓರಿಗೆಯವರು ಕೂಡಿದಾಗ ಈಗಲೂ ಆ ಗುಡಿಸಲುಗಳ ಸುದ್ದಿ ತೆಗೆಯುತ್ತಾರೆ. ಗೋಡೆಗೆ ಕಟ್ಟಿದ ಹಸಿ ಜೋಳದ ಕಣಿಕೆಯ ವಾಸನೆ, ಮೂರು ಕಲ್ಲಿನ ಒಲೆಯ ಮೇಲೆ ಸುಟ್ಟ ರೊಟ್ಟಿ, ದಿನವಿಡೀ ಬಿಡುವು. ಅವರು ನಗುನಗುತ್ತ ಹೇಳುವಾಗ ನಾನು ಏನೋ ಕೆಲಸ ನೆನಪಾದವಳಂತೆ ಎದ್ದು ಒಳಗೆ ಹೋಗುತ್ತೇನೆ. ನನಗೂ ಅಂಥದೊಂದು ಗುಡಿಸಲಿನ ನೆನಪಿದೆ. ಒಬ್ಬರಿಗೆ ಬಿಟ್ಟು ಬೇರೆ ಯಾರಿಗೂ ಅದನ್ನು ಹೇಳಿಲ್ಲ.

ಆಗ ನನಗೆ ಒಂಬತ್ತು ವರ್ಷ. ಆ ಸಲ ಬಂದದ್ದು ಪ್ಲೇಗಲ್ಲ, ಜ್ವರ. ಮಾನಮೋಡಿ, ಎಂದರೆ ಮರಾಠಿಯಲ್ಲಿ ಕುತ್ತಿಗೆ ಮುರಿಯುವುದು, ಎಂದು ಅದಕ್ಕೆ ಹೆಸರಿಟ್ಟಿದ್ದರು. ಜ್ವರ ಹತ್ತಿದವರಿಗೆ ಕುತ್ತಿಗೆ ಮುರಿದಂತಾಗಿ ತಲೆಯೇ ನಿಲ್ಲುತ್ತಿರಲಿಲ್ಲ. ಇವತ್ತು ಕೆಮ್ಮುತ್ತ ನೀರು ಸೇದಿದವರು ನಾಡಿದ್ದು ಇರುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಒಂದೇ ವಾರದಲ್ಲಿ ಇಬ್ಬರು ಬಸುರಿಯರು ತೀರಿಕೊಂಡರು. ಎರಡನೆಯವಳನ್ನು ಮಣ್ಣು ಮಾಡಿದ ದಿನ ನಮ್ಮ ಆಯಿ, ಎಂದರೆ ಅಪ್ಪನ ತಾಯಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಪಡಸಾಲೆಯಲ್ಲಿ ನಿಂತು ಹೇಳಿದಳು:

"ಪ್ಲೇಗಿಗೆ ಇಲಿ ಬೀಳ್ತಿದ್ವು, ಗೊತ್ತಾಗತಿತ್ತು. ಇದು ಕೆಮ್ಮಿದವರ ಉಸರಿನ್ಯಾಗ ಬರಾಕತ್ತೈತಿ. ಬಸರಿಗೋಳ್ನ, ಕೂಸುಗೋಳ್ನ ಹುಡುಕಿ ಹಿಡಿಯಾಕತ್ತೈತಿ. ನನ್ನ ಸೊಸಿನ್ನ, ಮರಿಮೊಮ್ಮಗನ್ನ ನಾ ಇಲ್ಲಿ ಇಡಂಗಿಲ್ಲ."

ಸೊಸೆ ಎಂದರೆ ನನ್ನ ಅಣ್ಣನ ಹೆಂಡತಿ ಗೌರವ್ವ. ನಾನು ವೈನಿ ಎನ್ನುತ್ತಿದ್ದೆ. ಅವಳಿಗೆ ಏಳು ತಿಂಗಳಾಗಿತ್ತು. ಮೊದಲ ಮಗ ಈರಣ್ಣ ಎರಡು ವರ್ಷದವನು. ಅಪ್ಪನಿಗೆ ಆಗಲೇ ಜ್ವರ ಹತ್ತಿದ್ದರಿಂದ ಅವ್ವ, ಅಣ್ಣ ಊರಲ್ಲೇ ಉಳಿದರು. ಆಯಿ, ವೈನಿ, ಈರಣ್ಣ, ನಾನು, ನಾಲ್ಕೇ ಜನ ಬಾವಿಯ ಹೊಲದ ಗುಡಿಸಲು ಸೇರಿದೆವು.

ಗುಡಿಸಲಿನಿಂದ ಇಪ್ಪತ್ತು ಹೆಜ್ಜೆ ಆಚೆ ಬಟ್ಟೆ ಒಗೆಯುವ ಹಾಸುಗಲ್ಲೊಂದಿತ್ತು. ಅದನ್ನು ಯಾರೂ ದಾಟಬಾರದು ಎಂದು ಆಯಿ ಕಟ್ಟಪ್ಪಣೆ ಮಾಡಿದ್ದಳು. ಅಣ್ಣ ಎರಡು ದಿನಕ್ಕೊಮ್ಮೆ ಬಂದು ಕಲ್ಲಿನ ಮೇಲೆ ಹಿಟ್ಟಿನ ಗಂಟು ಇಟ್ಟು, ಅಪ್ಪ ಹೇಗಿದ್ದಾನೆಂದು ಕೂಗಿ ಹೇಳಿ ಹೋಗುತ್ತಿದ್ದ. ಹೆಂಡತಿಯನ್ನು ಅವನು ದೂರದಿಂದಲೇ ನೋಡುತ್ತಿದ್ದ. ಆ ಗಂಟು ಒಂದು ಹೊತ್ತು ಬಿಸಿಲಲ್ಲಿ ಕಾಯ್ದ ಮೇಲೆಯೇ ಆಯಿ ಮುಟ್ಟುತ್ತಿದ್ದಳು. ನಮಗೆಲ್ಲ ಬೆಳಿಗ್ಗೆ ಶುಂಠಿ, ಮೆಣಸು, ತುಳಸಿ ಹಾಕಿ ಕುದಿಸಿದ ಕಷಾಯ ಕುಡಿಸುತ್ತಿದ್ದಳು. ಅದರ ಖಾರಕ್ಕೆ ಈರಣ್ಣ ಕಣ್ಣು ಮುಚ್ಚಿ ನಾಲಿಗೆ ಹೊರಗೆ ಹಾಕುತ್ತಿದ್ದ.

ಈರಣ್ಣನಿಗೆ ಹಾಲು ತರುತ್ತಿದ್ದವಳು ಮಾಳವ್ವ. ಕುರಿ ಕಾಯುವ ಮನೆತನದವಳು, ನಲವತ್ತರ ಹೆಂಗಸು. ಪ್ರತಿವರ್ಷ ಅವರ ಮಂದಿ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಿದ್ದರು. ಆ ಸಲ ಎರಡು ಹೊಲ ಆಚೆ ಬೀಳುಭೂಮಿಯಲ್ಲಿ ಇಳಿದಿದ್ದರು. ಬೆಳಗಾದರೆ ಬಾಯಿಗೆ ಸೆರಗು ಬಿಗಿದುಕೊಂಡು ಬಂದು, ಕಲ್ಲಿನ ಮೇಲಿಟ್ಟ ನಮ್ಮ ಗಡಿಗೆಗೆ ತನ್ನ ತಂಬಿಗೆ ತಾಕದಂತೆ ಎತ್ತರದಿಂದ ಆಡಿನ ಹಾಲು ಹೊಯ್ಯುತ್ತಿದ್ದಳು. ಈರಣ್ಣ ಎತ್ತಿಕೋ ಎಂದು ಕೈ ಚಾಚಿ ಅಳುತ್ತಿದ್ದ. ಅವಳು ಅಲ್ಲೇ ನಿಂತು ಮರಿಯ ಹಾಗೆ ಕೂಗಿ ಅವನನ್ನು ನಗಿಸುತ್ತಿದ್ದಳೇ ಹೊರತು ಒಂದು ದಿನವೂ ಈಚೆ ಕಾಲಿಡಲಿಲ್ಲ.

ಮೊದಲ ನಾಲ್ಕೈದು ದಿನ ನನಗೆ ಕುಣಿದಾಡುವಷ್ಟು ಖುಷಿ. ಆಮೇಲೆ ಒಬ್ಬಳೇ ಐದು ಹರಳು ಆಡಿ ಆಡಿ ಸಾಕಾಯಿತು. ಅಷ್ಟರಲ್ಲಿ ಸೀಗಿ ಹುಣ್ಣಿವೆ ಬಂತು. ಹೊಲದ ಪೈರನ್ನು ಬಸುರಿಯೆಂದು ತಿಳಿದು ಭೂಮಿತಾಯಿಗೆ ಬಯಕೆಯ ಊಟ ಹಾಕುವ ಹಬ್ಬ. ಹೋಳಿಗೆ, ಕಡುಬು, ಎಣ್ಣೆಬದನೆಕಾಯಿ ಎಂದು ನಾನು ಲೆಕ್ಕ ಹಾಕುತ್ತ ಕುಳಿತಿದ್ದರೆ ಆಯಿ ನುಚ್ಚಿಗೆ ಮಜ್ಜಿಗೆ ಕಲಸಿ ಹೊಲಕ್ಕೆ ಚೆಲ್ಲಿ ಬಂದಳು.

"ಹಬ್ಬ ಮುಗೀತೇನ?" ಎಂದೆ.

"ಮುಗೀತು. ನಮ್ಮ ಬಸರಿ ಉಳದ್ರ ಬರೂ ವರ್ಷ ಹೋಳಿಗಿ ಮಾಡೂನು."

ನನಗೆ ಸಿಟ್ಟು ಬಂತು. ಎಲ್ಲ ವೈನಿಗಾಗಿ, ನನಗೇನೂ ಇಲ್ಲ ಎಂದು ಅಳುತ್ತ ಕೂತೆ. ಮಧ್ಯಾಹ್ನ ಆಯಿ ಈರಣ್ಣನಿಗೆ ನೀರೆರೆಯುತ್ತಿದ್ದಳು, ವೈನಿಗೆ ನಿದ್ದೆ ಹತ್ತಿತ್ತು. ನಾನು ಆಳೆತ್ತರದ ಜೋಳದೊಳಗೆ ನುಗ್ಗಿ ಊರಿಗೆ ಓಡಿದೆ.

ಹೋದದ್ದು ನನ್ನ ಗೆಳತಿ ಪಾರಿಯ ಮನೆಗೆ. ಅವರ ಮನೆಯಲ್ಲಿ ಹಬ್ಬ ಬಿಟ್ಟಿರಲಿಲ್ಲ. ಪಡಸಾಲೆಯಲ್ಲಿ ಅವಳ ಅತ್ತೆ ಕೌದಿ ಹೊದ್ದು ಮಲಗಿ ಎದೆ ಕಿತ್ತುಬರುವಂತೆ ಕೆಮ್ಮುತ್ತಿದ್ದಳು. ಪಾರಿಯ ಕಣ್ಣೂ ಕೆಂಪಾಗಿದ್ದವು. ನಾನು ಅದೆಲ್ಲ ನೋಡಿದೆ. ನೋಡಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಪಾರಿ ಕಡುಬಿನ ಮೇಲೆ ಲಂಗದ ಅಂಚು ಹಾಸಿ ಗುಬ್ಬಿ ಎಂಜಲು ಮಾಡಿ ಅರ್ಧ ನನಗೆ ಕೊಟ್ಟಳು. ತುಪ್ಪ ಮೊಣಕೈವರೆಗೆ ಇಳಿಯಿತು. ಒಂದಲ್ಲ, ಮೂರು ತಿಂದೆ.

ತಿರುಗಿ ಬರುವಾಗ ಜೋಳದ ಬದುವಿನಲ್ಲಿ ಮಾಳವ್ವ ಎದುರಾದಳು.

"ಊರಿಗೆ ಹೋಗಿದ್ದೇನ ತಂಗಿ?"

ನಾನು ಮೊಣಕೈಯ ತುಪ್ಪವನ್ನು ಲಂಗಕ್ಕೆ ಒರೆಸಿಕೊಂಡೆ.

"ಬಾಯಿ ತುಪ್ಪ ನಾರಾಕತ್ತೈತಿ."

"ಆಯಿಗೆ ಹೇಳಬ್ಯಾಡ ಅತ್ತೀ, ಬಡೀತಾಳ," ಎಂದು ಅಳತೊಡಗಿದೆ.

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. "ಹೇಳಂಗಿಲ್ಲ, ಮಾತು ಕೊಟ್ಟೆ. ಆದ್ರ ನಾ ಹೇಳಿದ್ದು ನೀ ಕೇಳಬೇಕ. ತಲಿಮ್ಯಾಲಿಂದ ನೀರು ಹಾಕ್ಕೋ. ನಾಕೈದು ದಿನಾ ಹೊರಗ ಗಿಡದ ಬುಡಕ ಮಲಗು. ಸೆಕಿ ಅಂತ ಹೇಳು, ಯಾರೂ ಬ್ಯಾಡ ಅನ್ನಂಗಿಲ್ಲ. ವೈನಿ ಬಾಜೂ ಹೋಗಬ್ಯಾಡ, ಕೂಸಿನ್ನ ಎತ್ತಬ್ಯಾಡ. ತಿಳೀತಿಲ್ಲ?"

"ಹೂಂ."

ಬಾವಿಗೆ ಹೋಗಿ ನಾನು ತೊಳೆದುಕೊಂಡದ್ದು ಬಾಯಿ ಮಾತ್ರ. ಅದೂ ತುಪ್ಪದ ವಾಸನೆ ಹೋಗಲೆಂದು. ಸಂಜೆ ವೈನಿ ತನ್ನ ಹಾಸಿಗೆಯ ಮೇಲೆ ಜಾಗ ಮಾಡಿ ಕರೆದಳು. ನನ್ನ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. "ನೋಡ ನೀಲವ್ವಾ, ನಿನ್ನ ಅಳಿಯ ಹೆಂಗ ಒದಿಯಾಕತ್ತಾನ." ನಾನು ಅಲ್ಲೇ ಅವಳ ಮಗ್ಗುಲಲ್ಲಿ ಮಲಗಿದೆ. ಮರುದಿನವೂ, ಅದರ ಮರುದಿನವೂ.

ಮೂರನೆಯ ದಿನ ನನ್ನ ಗಂಟಲು ಕೆರೆಯತೊಡಗಿತು. ಕೆಮ್ಮು ಬಂದಾಗ ಕೌದಿಯೊಳಗೆ ಮುಖ ಹುದುಗಿಸಿದೆ. ಮೈ ಬಿಸಿಯಾದದ್ದು ಗೊತ್ತಾಗಬಾರದೆಂದು ಹಗಲೆಲ್ಲ ಬಿಸಿಲಲ್ಲಿ ಕುಳಿತೆ. ನನಗೆ ಅದು ಎರಡೇ ದಿನದಲ್ಲಿ ಬಿಟ್ಟಿತು. ಆದರೆ ಈರಣ್ಣನ ಮೈ ಕಾದಿತು. ಅದರ ಮಾರನೆಯ ದಿನ ವೈನಿ ಎದ್ದು ಕೂಡಲಾಗದೆ ಗೋಡೆಯ ಕಣಿಕೆ ಹಿಡಿದುಕೊಂಡಳು.

ಆಯಿ ನನ್ನ ರಟ್ಟೆ ಹಿಡಿದು ಹೊರಗೆ ಎಳೆತಂದಳು. "ಕಲ್ಲು ಯಾರು ದಾಟ್ಯಾರ? ನಿಮ್ಮ ಅಣ್ಣ ಬಂದಿದ್ದೇನ?"

"ಇಲ್ಲ."

"ಮತ್ತ ಬ್ಯಾನಿ ಹಾರಿ ಬಂತೇನ? ಯಾರು ಬಂದಿದ್ರು?"

ನಾನು ಹೋಗಿದ್ದೆ ಎನ್ನಬಹುದಿತ್ತು. ಬಹಳವೆಂದರೆ ಎರಡು ಪೆಟ್ಟು ಬೀಳುತ್ತಿದ್ದವು. "ಮಾಳವ್ವ," ಎಂದೆ. "ಈರಣ್ಣನ್ನ ಎತ್ಕೊಂಡಿದ್ಲು."

ಮರುದಿನ ಬೆಳಿಗ್ಗೆ ಮಾಳವ್ವ ಎಂದಿನಂತೆ ಹಾಲು ತಂದಳು. ಆಯಿ ಕೋಲು ಹಿಡಿದು ಕಲ್ಲಿನ ಈಚೆ ನಿಂತಿದ್ದಳು.

"ನಿನ್ನ ನಂಬಿದ್ನೆಲ್ಲ ಮಾಳವ್ವಾ. ಕೂಸಿನ್ನ ಮುಟ್ಟಿ ನನ್ನ ಮನಿಗೆ ಬೆಂಕಿ ಹಚ್ಚಿದೆಲ್ಲ."

"ನಾ ಕಲ್ಲು ದಾಟಿಲ್ರಿ ಅವ್ವಾರ."

"ಹುಡುಗಿ ಕಣ್ಣಾರೆ ನೋಡ್ಯಾಳ."

ಮಾಳವ್ವ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ನಾನು ಹೇಳುತ್ತೇನೆಂದು ಕಾಯುತ್ತಿದ್ದಳು. ಬಾಯಿಯ ಸೆರಗನ್ನೂ ಸಡಿಲಿಸಿರಲಿಲ್ಲ.

"ನೀಲಾ, ಈಕಿ ಮುಂದ ಖರೆ ಹೇಳ," ಎಂದಳು ಆಯಿ. "ದಾಟಿದ್ಲೋ ಇಲ್ಲೋ?"

ನಾನು ಕಾಲಬೆರಳು ನೋಡುತ್ತ ಹೇಳಿದೆ: "ದಾಟಿದ್ಲು."

ಆಗಲಾದರೂ ಅವಳು ನನ್ನ ಗುಟ್ಟು ಬಿಚ್ಚಿಡಬಹುದಿತ್ತು. ಒಂದು ಮಾತು ಸಾಕಿತ್ತು. ಅವಳು ಬಾಗಿ ಗಡಿಗೆಗೆ ಹಾಲು ಹೊಯ್ದಳು. "ಕಾಸಿ ಕುಡಸ್ರಿ ಅವ್ವಾರ. ಬಸರಿ ಹೆಣ್ಮಗಳ್ನ ಅಂಗಾತ ಮಲಗಸಬ್ಯಾಡ್ರಿ, ಉಸರು ಹಿಡೀತೈತಿ. ಬೆನ್ನಿಗೆ ಏನರ ಕೊಟ್ಟು ಒರಗಸ್ರಿ." ಇಷ್ಟು ಹೇಳಿ ಹೊರಟಳು. ಆಯಿ ಕೋಲಿನಿಂದ ಗಡಿಗೆಯನ್ನು ಉರುಳಿಸಿದಳು. ಹಾಲು ಮಣ್ಣಿಗೆ ಇಳಿಯುವುದನ್ನು ಈರಣ್ಣ ಬಾಗಿಲಲ್ಲಿ ಕುಳಿತು ನೋಡುತ್ತಿದ್ದ.

ಅಣ್ಣ ಬಂದಾಗ ಆಯಿ ಅವನಿಗೆ ಹೇಳಿದಳು. ಅವನು ಊರಿಗೆ ಹೇಳಿದ. ಅದೇ ದಿನ ಮಧ್ಯಾಹ್ನ ಹತ್ತಾರು ಮಂದಿ ಹೋಗಿ ಕುರಿಯವರನ್ನು ಎಬ್ಬಿಸಿದರು. ಕುರಿ, ಆಡು, ಕುದುರೆಯ ಮೇಲೆ ಹೇರಿದ ಗಂಟುಮೂಟೆ, ಹಿಂದೆ ಹೆಂಗಸರು. ಧೂಳು ಕೊಣ್ಣೂರಿನ ದಿಕ್ಕಿಗೆ ಸರಿಯುತ್ತ ಹೋಯಿತು. ಈರಣ್ಣ ಹಾಲಿಗಾಗಿ ಅತ್ತ. ಆಯಿ ಅಂಬಲಿ ಕುಡಿಸಿದಳು.

ವೈನಿ ಆರು ದಿನ ಜ್ವರದಲ್ಲಿ ಬಿದ್ದಿದ್ದಳು. ಆಯಿ, ಬೈದು ಕಳಿಸಿದವಳ ಮಾತನ್ನೇ ಹಿಡಿದು, ಬೆನ್ನಿಗೆ ಕೌದಿಗಳ ಸುರುಳಿ ಕೊಟ್ಟು ಅವಳನ್ನು ಒರಗಿಸಿಯೇ ಇಟ್ಟಿದ್ದಳು. ಅದರಿಂದಲೇ ವೈನಿ ಉಳಿದಳೇನೋ. ಆರನೆಯ ದಿನ ಹೊತ್ತೇರುವ ಮುಂಚೆ ಹೆರಿಗೆಯಾಯಿತು. ಗಂಡುಕೂಸು. ಅದು ಅಳಲಿಲ್ಲ. ಆಯಿ ಅದರ ಬೆನ್ನು ತಟ್ಟಿದಳು, ಕಾಲು ಹಿಡಿದು ಜೋಲಿಸಿದಳು, ಬಾಯಿಗೆ ಬಾಯಿಟ್ಟು ಊದಿದಳು. ಕೊನೆಗೆ ತನ್ನ ಸೀರೆ ಹರಿದು ಸುತ್ತಿದಳು. ನನ್ನ ಕೈಗೆ ಕೊಟ್ಟು, "ಹಿಡಿ, ಗುದ್ದಲಿ ತರ್ತೇನಿ," ಎಂದಳು. ಅಷ್ಟು ಹೊತ್ತು ಅದು ನನ್ನ ತೊಡೆಯ ಮೇಲಿತ್ತು. ಉಗುರುಗಳೆಲ್ಲ ಮೂಡಿದ್ದವು.

ವೈನಿ ಮತ್ತೆ ಬಸುರಾಗಲಿಲ್ಲ. ಆಯಿ ಸಾಯುವವರೆಗೂ, "ಆಕಿನ್ನ ನಂಬಿ ಕೆಟ್ಟೆ," ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು. ನಾನು ಪಕ್ಕದಲ್ಲೇ ಕುಳಿತು ಕೇಳುತ್ತಿದ್ದೆ.

ನನ್ನನ್ನು ಹತ್ತರಗಿಗೆ ಕೊಟ್ಟರು. ಮದುವೆಯಾಗಿ ಕೆಲವು ವರ್ಷಗಳ ಮೇಲೆ, ಮೊದಲ ಬಸುರಿನಲ್ಲಿ, ಮೂಡಲಗಿಯ ಸಂತೆಯಲ್ಲಿ ಕಂಬಳಿ ಹರವಿಕೊಂಡು ಕುಳಿತ ಮಾಳವ್ವನನ್ನು ಕಂಡೆ. ಅವಳೇ ಮೊದಲು ಗುರುತು ಹಿಡಿದಳು.

"ಮಮದಾಪುರದ ನೀಲವ್ವ ಅಲ್ಲೇನ? ವೈನಿ ಅದಾಳಿಲ್ಲ?"

"ಅದಾಳ. ಕೂಸು ಹೋತು."

ಅವಳು ಲೊಚಗುಟ್ಟಿದಳು. "ನಮ್ಮ ಸೊಸಿನೂ ಹೋದ್ಲವ್ವ, ಆ ಹಾದ್ಯಾಗ. ಬ್ಯಾನಿ ತಂದವರು ಅಂತ ಯಾವ ಊರಾಗೂ ಬಾವಿಗೆ ಬಿಡಲಿಲ್ಲ." ಇದನ್ನು ಮಳೆಬೆಳೆಯ ಸುದ್ದಿ ಹೇಳಿದಂತೆ ಹೇಳಿದಳು. ಆಮೇಲೆ ನನ್ನ ಹೊಟ್ಟೆ ನೋಡಿ, "ಬಸರಿ ಅದೀಯೇನ? ಜ್ವರ ಬಂದವರ ಬಾಜೂ ಹೋಗಬ್ಯಾಡವ್ವ," ಎಂದಳು.

ನಮ್ಮ ಗಾಡಿ ಹೊರಡಲು ಇನ್ನೂ ಹೊತ್ತಿತ್ತು. ನನ್ನನ್ನು ಯಾರೂ ಕರೆದಿರಲಿಲ್ಲ. "ಹೂಂ," ಎಂದು ಹೊರಟು ಬಂದೆ.

ವೈನಿಗೆ ಹೇಳಿದ್ದು ಅವಳ ತಲೆ ಪೂರ್ತಿ ಬೆಳ್ಳಗಾದ ಮೇಲೆ. ಅವಳು ಅವರೆ ಸುಲಿಯುತ್ತಿದ್ದಳು. ಕೈ ನಿಲ್ಲಿಸಿ ಎಲ್ಲ ಕೇಳಿಸಿಕೊಂಡಳು. ಬೈಯುತ್ತಾಳೆಂದುಕೊಂಡೆ, ಅಳುತ್ತಾಳೆಂದುಕೊಂಡೆ.

"ಮಾಳವ್ವ ಬದುಕ್ಯಾಳೇನ?" ಎಂದಳು.

"ತೀರಿಕೊಂಡ್ಲಂತ."

"ಆಯಿನೂ ಇಲ್ಲ. ನನ್ನ ಮುಂದ ಹೇಳಿ ನಿನ್ನ ಎದಿ ಹಗುರ ಮಾಡ್ಕೊಂಡಿ. ಆಕಿ ಮ್ಯಾಲಿನ ಅಪವಾದ ಹೋತೇನ? ಈರಣ್ಣಗರ ಹೇಳು. ಅವ ಇನ್ನೂ ಆಕಿನ್ನ ಬೈತಾನ."

ಹೇಳುತ್ತೇನೆ ಎಂದೆ. ಮಳೆಗಾಲ ಕಳೆಯುವುದರೊಳಗೆ ವೈನಿಯೂ ಹೋದಳು.

ಈಗ ಮನೆಯಲ್ಲಿ ನನಗೆ ಒಂದು ಸೀನು ಬಂದರೂ ಮೊಮ್ಮಗಳ ತೊಟ್ಟಿಲ ಹತ್ತಿರ ಸುಳಿಯುವುದಿಲ್ಲ. ಬಸುರಿ ಸೊಸೆ ಇರುವ ಕೋಣೆಗೆ ಕೆಮ್ಮಿದವರನ್ನು ಬಿಡುವುದಿಲ್ಲ. ಎಷ್ಟು ಕಾಳಜಿಯ ಮುದುಕಿ ಎಂದು ಓಣಿಯವರು ಹೊಗಳುತ್ತಾರೆ. ಕೊಣ್ಣೂರಿನ ಕಡೆ ಹೋದಾಗ ಮಾಳವ್ವನ ಮನೆಯವರನ್ನು ವಿಚಾರಿಸಿದ್ದೇನೆ. ಬೀಳುಭೂಮಿಯೆಲ್ಲ ಕಬ್ಬಾಗಿದೆ. ಕುರಿಗಳು ಆ ದಾರಿಯಲ್ಲಿ ಬರುವುದಿಲ್ಲ. ಆ ಹೆಸರಿನ ಗುರುತು ಹೇಳುವವರು ಒಬ್ಬರೂ ಸಿಗಲಿಲ್ಲ.

ಹೆಸರು ಉಳಿದಿರುವುದು ನನ್ನ ತವರುಮನೆಯಲ್ಲಿ ಮಾತ್ರ. ಹೋದ ದಸರೆಯ ಬನ್ನಿ ಹಬ್ಬಕ್ಕೆ ಹೋಗಿದ್ದಾಗ ಈರಣ್ಣ ತನ್ನ ಮೊಮ್ಮಕ್ಕಳನ್ನು ಸುತ್ತ ಕೂಡಿಸಿಕೊಂಡು ಹಳೆಯ ಸುದ್ದಿ ಹೇಳುತ್ತಿದ್ದ. "ಮಾಳವ್ವ ಅಂತ ಒಬ್ಬಾಕಿ ಇದ್ಲು. ಬ್ಯಾಡ ಬ್ಯಾಡ ಅಂದ್ರೂ ಬಂದು ನನ್ನ ಎತ್ತಿಕೊಂಡ್ಲು. ನನ್ನ ತಮ್ಮನ್ನ ಕೊಂದಾಕಿ ಆಕಿ." ಸಣ್ಣ ಹುಡುಗಿಯೊಂದು ನನ್ನ ಕಡೆ ತಿರುಗಿ, "ಹೌದೇನ ಆಯೀ? ನೀ ನೋಡಿದ್ದೇನ?" ಎಂದು ಕೇಳಿತು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಎದ್ದು ನೀರು ಕುಡಿಯಲು ಒಳಗೆ ಹೋದೆ.