ಒಂದೇ ಕಾಲಿಗೆ ಹಚ್ಚಿದ ಕ್ರೀಮು

ಕಡೂರು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್ ಇದೆ. ಒಂದೇ ಕೋಣೆ, ಎರಡು ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ. ಹುಬ್ಬು ತಿದ್ದುವುದರಿಂದ ಹಿಡಿದು ಮದುಮಗಳ ಅಲಂಕಾರದವರೆಗೆ ಎಲ್ಲ ಕೆಲಸವೂ ನನ್ನೊಬ್ಬಳದೇ. ಕೆಲಸ ಚೆನ್ನಾಗಿಯೇ ನಡೆಯುತ್ತಿತ್ತು. ಹಾಗೆ ನಡೆಯುತ್ತಿದ್ದಾಗಲೇ ನನಗೆ ಸಾಮಾನು ಮಾರುವ ಹುಚ್ಚು ಹಿಡಿದದ್ದು.

ಹುಚ್ಚು ಹಿಡಿಸಿದವನು ತರೀಕೆರೆಯಿಂದ ಸ್ಕೂಟರಿನಲ್ಲಿ ಬರುವ ಒಬ್ಬ ಸೇಲ್ಸ್‌ಮನ್. ಪಾರ್ಲರಿಗೆ ಬೇಕಾದ ಬ್ಲೀಚು, ಫೇಶಿಯಲ್ ಕಿಟ್ಟು ತಂದುಕೊಡುತ್ತಿದ್ದ ಅವನು ಒಂದು ದಿನ ಕುರ್ಚಿ ಎಳೆದುಕೊಂಡು ಕೂತು ಉಪದೇಶ ಶುರು ಮಾಡಿದ. "ಅಕ್ಕಾ, ನೀವು ಕೈ ಆಡಿಸಿದ್ರೆ ಮಾತ್ರ ನಿಮಗೆ ಕಾಸು. ಒಂದು ಬೀರು ಮಾಡಿಸಿ ಸಾಮಾನಿಟ್ಟು ಮಾರಿ. ಕೈ ಸುಮ್ನಿದ್ದಾಗ್ಲೂ ಬೀರು ದುಡೀಬೇಕು" ಎಂದ. ಆ ವಾರವಷ್ಟೇ ನನ್ನ ಬಲಗೈ ಮಣಿಕಟ್ಟು ಊದಿಕೊಂಡಿತ್ತು. ಮಾತು ನಾಟಿತು. ಗಾಜಿನ ಬಾಗಿಲಿನ ಬೀರು ಮಾಡಿಸಿದೆ. ಫೇಸ್ ವಾಶ್, ಶಾಂಪೂ, ಸೀರಮ್, ಸನ್‌ಸ್ಕ್ರೀನ್, ಬೆಳ್ಳಗಾಗುವ ಕ್ರೀಮು, ಒಡೆದ ಹಿಮ್ಮಡಿಗೆ ಹಚ್ಚುವ ಕ್ರೀಮು, ಎಲ್ಲವನ್ನೂ ಬಣ್ಣ ನೋಡಿ ಜೋಡಿಸಿದೆ. ಒಳಗೊಂದು ದೀಪವನ್ನೂ ಹಾಕಿಸಿದೆ. ಗೌರಿ ಕೂರಿಸಿದ ಮಂಟಪದ ಹಾಗೆ ಬೀರು ಝಗಝಗ ಹೊಳೆಯುತ್ತಿತ್ತು.

ಬಂದವರೆಲ್ಲ ನೋಡಿದರು. ಯಾರೂ ಕೊಳ್ಳಲಿಲ್ಲ.

ನಾನು ಸುಮ್ಮನಿರುವವಳಲ್ಲ. ಹಬ್ಬಕ್ಕೆ ಮೂರು ಬಾಟಲಿ ಸೇರಿಸಿ ರಿಬ್ಬನ್ ಕಟ್ಟಿಟ್ಟೆ. ರಿಯಾಯಿತಿ ಎಂದು ಬೋರ್ಡು ಬರೆಸಿದೆ. ಫೇಶಿಯಲ್ ಮಾಡಿಸಿಕೊಳ್ಳುವವರು ಮುಖಕ್ಕೆ ಲೇಪ ಬಳಿಸಿಕೊಂಡು ಮಲಗಿರುತ್ತಾರಲ್ಲ, ಎದ್ದು ಓಡುವ ಹಾಗಿಲ್ಲ. ಅದೇ ಸಮಯ ನೋಡಿ ಬೀರುವಿನ ಗುಣಗಾನ ಶುರು ಮಾಡುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡೇ ಹ್ಞೂಂ ಎನ್ನುತ್ತಿದ್ದರು. ಮುಖ ತೊಳೆದ ಮೇಲೆ ಮುಂದಿನ ಸಲ ನೋಡೋಣ ಎಂದು ಚಪ್ಪಲಿ ಮೆಟ್ಟುತ್ತಿದ್ದರು. ಹೈಸ್ಕೂಲಿನ ಟೀಚರೊಬ್ಬರು ಕುರ್ಚಿಗೆ ಒರಗುವ ಮೊದಲೇ ಗೊರಕೆ ಹೊಡೆಯುವುದನ್ನು ಅಭ್ಯಾಸ ಮಾಡಿಕೊಂಡರು. ಅದು ನಿಜವಾದ ಗೊರಕೆಯಲ್ಲ ಎಂದು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು.

ಕೊನೆಗೆ ಒಬ್ಬ ಹಳೆಯ ಗಿರಾಕಿ ಬರುವುದನ್ನೇ ನಿಲ್ಲಿಸಿದಳು. ಒಂದು ದಿನ ತರಕಾರಿ ಅಂಗಡಿಯ ಮುಂದೆ ಸಿಕ್ಕಾಗ ಯಾಕೆ ಬರುತ್ತಿಲ್ಲ ಎಂದು ಕೇಳಿದೆ. ಅವಳು ಬದನೆಕಾಯಿ ಆರಿಸುತ್ತಲೇ ಹೇಳಿದಳು: "ಹುಬ್ಬು ಮಾಡಿಸ್ಕೊಳ್ಳೋಕೆ ಬರಬೇಕು ಅನ್ಸುತ್ತೆ ಕಣ್ರೀ. ಆದ್ರೆ ಎಲ್ಲಿ ಕೈಗೊಂದು ಬಾಟ್ಲಿ ಇಟ್ಬಿಡ್ತೀರೋ ಅಂತ ಭಯ." ಅವಳು ನಗುತ್ತಲೇ ಹೇಳಿದ್ದು. ನಾನೂ ನಕ್ಕೆ. ಆದರೆ ಮನೆಯವರೆಗೆ ನಡೆಯುವಷ್ಟರಲ್ಲಿ ನಗು ಇಳಿದುಹೋಗಿ ನಾಚಿಕೆ ಉಳಿಯಿತು. ಮರುದಿನದಿಂದ ಬೀರುವಿನ ಮಾತೆತ್ತುವುದನ್ನೇ ಬಿಟ್ಟೆ. ದೀಪವನ್ನೂ ಆರಿಸಿದೆ.

ಇಷ್ಟೆಲ್ಲ ಆಗುವಾಗ ಪಾರ್ಲರಿನ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ ಒಬ್ಬರಿದ್ದರು. ನನ್ನ ಅತ್ತೆ. ಅವರು ಸಿಂಗಟಗೆರೆಯಲ್ಲಿ ನನ್ನ ಭಾವನವರ ಸಂಸಾರದ ಜೊತೆ ಇರುತ್ತಾರೆ. ತೆಂಗು, ರಾಗಿ, ಎರಡು ಎಮ್ಮೆ, ಎಲ್ಲದರ ಯಜಮಾನಿಕೆಯೂ ಇವತ್ತಿಗೂ ಅವರದೇ. ಸಂತೆಯ ದಿನ ಕಡೂರಿಗೆ ಬಂದರೆ ಕೈಚೀಲವನ್ನು ಪಾರ್ಲರಿನಲ್ಲಿಟ್ಟು, ಸಂತೆ ಮುಗಿಸಿಕೊಂಡು ಬಂದು, ಕಾಫಿ ಕುಡಿದು, ಬಸ್ಸಿನ ಹೊತ್ತಿಗೆ ಎದ್ದು ಹೋಗುತ್ತಿದ್ದರು. ನನ್ನ ಕೆಲಸದ ಬಗ್ಗೆ ಅವರಿಗಿದ್ದ ಅಭಿಪ್ರಾಯ ಒಂದೇ: ಇರೋ ಹುಬ್ಬು ಕೀಳಿಸ್ಕೊಳ್ಳೋಕೆ ಜನ ದುಡ್ಡು ಕೊಡ್ತಾರಲ್ಲ.

ಒಂದು ಸಂತೆಯ ದಿನ ಅವರು ಸ್ಟೂಲಿನ ಮೇಲೆ ಕೂತಿದ್ದಾಗ ಸೀರೆಯ ಅಂಚು ಸರಿದು ಹಿಮ್ಮಡಿ ಕಂಡಿತು. ನೀರು ಬತ್ತಿದ ಕೆರೆಯಂಗಳದ ಹಾಗೆ ಒಡೆದಿತ್ತು. ಒಂದೆರಡು ಬಿರುಕಿನಲ್ಲಿ ರಕ್ತ ಒಣಗಿ ಕಪ್ಪಾಗಿತ್ತು. ಊರವರ ಪಾದವನ್ನೆಲ್ಲ ತೊಳೆದು ಪಾಲಿಶ್ ಮಾಡುವ ನಾನು ಇಷ್ಟು ವರ್ಷ ಇದನ್ನು ನೋಡಿಯೇ ಇರಲಿಲ್ಲ. ಅವರು ಬೇಡ ಬೇಡ ಎನ್ನುತ್ತಿದ್ದರೂ ಟಬ್ಬಿಗೆ ಬಿಸಿನೀರು, ಉಪ್ಪು ಹಾಕಿ ಕಾಲು ಇಡಿಸಿದೆ. ನೆಲದ ಮೇಲೆ ಕೂತು ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲಿನಿಂದ ಮೆತ್ತಗೆ ಉಜ್ಜಿದೆ. ಹಬ್ಬ ಹರಿದಿನಕ್ಕೆ ಬಗ್ಗಿ ಮುಟ್ಟಿದ್ದು ಬಿಟ್ಟರೆ ಆ ಪಾದವನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಅತ್ತೆ ಮುಖ ತಿರುಗಿಸಿ ಬೀದಿಯ ಕಡೆ ನೋಡುತ್ತ ಕೂತಿದ್ದರು. ಬಲಗಾಲಿಗೆ ಕ್ರೀಮು ಹಚ್ಚಿ ಮುಗಿಸುವಷ್ಟರಲ್ಲಿ ಸಿಂಗಟಗೆರೆ ಬಸ್ಸಿನ ಹೊತ್ತಾಯಿತು. ಎಡಗಾಲು ಹಾಗೇ ಉಳಿಯಿತು. ಬೀರುವಿನಿಂದ ಒಂದು ಹೊಸ ಟ್ಯೂಬು ತೆಗೆದು ಚೀಲಕ್ಕೆ ಹಾಕಿ, ರಾತ್ರಿ ಮಲಗುವಾಗ ಹಚ್ಚಿ ಕಾಲುಚೀಲ ಹಾಕಿಕೊಳ್ಳಿ ಎಂದು ಹೇಳಿ ಕಳಿಸಿದೆ.

ಮುಂದಿನ ಸಂತೆಗೆ ಬಂದಾಗ ನೋಡಿದರೆ ಬಲಗಾಲಿನ ಬಿರುಕು ಕೂಡುತ್ತಿತ್ತು. ಎಡಗಾಲು ಮೊದಲಿದ್ದ ಹಾಗೇ ಇತ್ತು. ಅದಕ್ಕೇಕೆ ಹಚ್ಚಲಿಲ್ಲ ಎಂದು ಕೇಳಿದೆ.

"ಹೊಸ ಗೊಬ್ಬರ ಬಂದ್ರೆ ಇಡೀ ಹೊಲಕ್ಕೆ ಸುರೀತೀವೇನವ್ವ? ಒಂದು ಪಟ್ಟೆಗೆ ಹಾಕಿ, ಪಕ್ಕದ್ದು ಹಂಗೇ ಬಿಟ್ಟು ನೋಡ್ತೀವಿ. ಇದೂ ಹಂಗೇಯ."

ಕಾಲುಚೀಲವನ್ನು ಮಾತ್ರ ಎರಡೂ ಕಾಲಿಗೆ ಹಾಕಿಕೊಂಡು ಮಲಗುತ್ತಿದ್ದರಂತೆ. ಅದೇಕೆ ಎಂದು ಕೇಳಿದ್ದಕ್ಕೆ, ಒಂದಕ್ಕೇ ಹಾಕಿಕೊಂಡರೆ ವಾಸಿಯಾಗಿದ್ದು ಚೀಲದಿಂದಲೋ ಕ್ರೀಮಿನಿಂದಲೋ ತಿಳಿಯುವುದು ಹೇಗೆ ಎಂದು ನನ್ನನ್ನೇ ಕೇಳಿದರು. ಕಾಲೇಜು ಮೆಟ್ಟಿಲು ಹತ್ತಿ ಬಂದವಳು ನಾನು. ನನಗೆ ಈ ಯೋಚನೆ ಬಂದಿರಲಿಲ್ಲ.

ಮೂರು ವಾರ ಕಳೆಯುವಷ್ಟರಲ್ಲಿ ಬಲಗಾಲು ನುಣುಪಾಯಿತು. ಅತ್ತೆ ಅದನ್ನು ಮುಚ್ಚಿಡಲಿಲ್ಲ. ಹಿಟ್ಟಿನ ಗಿರಣಿಯ ಮುಂದೆ ತೋರಿಸಿದರು. ಯಾರದೋ ಮನೆಯ ಸೀಮಂತದಲ್ಲಿ ತೋರಿಸಿದರು. ಬಸ್ಸಿನಲ್ಲಿ ಎರಡೂ ಪಾದಗಳನ್ನು ಎದುರಿನವರ ಕಡೆ ಚಾಚಿ, ಯಾವುದಕ್ಕೆ ಹಚ್ಚಿದ್ದು ಹೇಳಿ ನೋಡೋಣ ಎನ್ನುತ್ತಿದ್ದರಂತೆ. ಮುಂದಿನ ಸಂತೆಯ ದಿನ ಅವರ ಹಿಂದೆಯೇ ಮೂವರು ಹೆಂಗಸರು ಬಂದು ಪಾರ್ಲರಿನ ಬಾಗಿಲಲ್ಲಿ ನಿಂತರು. ಚಪ್ಪಲಿ ಬಿಟ್ಟು ಒಳಗೆ ಬಂದವರು ಕನ್ನಡಿಯ ಕಡೆ ಮುಖ ಮಾಡಲು ನಾಚಿ ಒಟ್ಟೊಟ್ಟಿಗೆ ನಿಂತುಕೊಂಡರು. ಅವರಲ್ಲಿ ಹಿರಿಯಳು ಕೇಳಿದಳು: "ನಿಮ್ಮತ್ತೆ ಒಂದ್ಕಾಲಿಗೆ ಹಚ್ಕೊಂಡವ್ರಲ್ಲ, ಅದೇ ಕೊಡವ್ವ."

ಬೀರುವಿನಿಂದ ಯಾರಾದರೂ ತಾವಾಗಿಯೇ ಕೇಳಿ ಕೊಂಡ ಮೊದಲ ಸಾಮಾನು ಅದು. ಆಮೇಲೆ ದೇವನೂರಿನ ಕಡೆಯವರೂ ಕೇಳಿಕೊಂಡು ಬಂದರು. ಅಲ್ಲಿಯತನಕ ನಾನು ಕಾಲೇಜು ಹುಡುಗಿಯರು, ಟೀಚರುಗಳು, ಬ್ಯಾಂಕಿನ ಮೇಡಂಗಳು ಇವರನ್ನೇ ಗಿರಾಕಿಗಳು ಎಂದುಕೊಂಡಿದ್ದೆ. ಕಿಟಕಿಯ ಆಚೆ ವಾರವಾರವೂ ಸಂತೆಗೆ ಹೋಗುತ್ತಿದ್ದ ಅಷ್ಟು ಹೆಂಗಸರು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಅವರು ಹುಬ್ಬು ತಿದ್ದಿಸಲಾರರು, ನಿಜ. ಆದರೆ ಹಿಮ್ಮಡಿ ಎಲ್ಲರಿಗೂ ಇದೆ. ಕಾಲಿನ ಕ್ರೀಮಿನ ಸಾಲು ಖಾಲಿಯಾಗಿ ಸೇಲ್ಸ್‌ಮನ್‌ಗೆ ಫೋನು ಮಾಡಿದಾಗ ಅವನು ಏನಕ್ಕಾ, ತಮಾಷೆನಾ ಎಂದ.

ಅತ್ತೆಗೆ ಉತ್ಸಾಹ ಬಂತು. ಸಂತೆ ಮುಗಿಸಿ ಬೇಗ ಬಂದು, ಸ್ಟೂಲನ್ನು ಬೀರುವಿನ ಪಕ್ಕಕ್ಕೆ ಎಳೆದುಕೊಂಡು, ಒಂದೊಂದೇ ಡಬ್ಬಿ ಎತ್ತಿ ಇದು ಯಾತಕ್ಕೆ ಎಂದು ಕೇಳುತ್ತಿದ್ದರು. ಎಲ್ಲದರ ಮೇಲೂ ಇಂಗ್ಲಿಷು. ಅವರ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿ ನಾನು ಬಣ್ಣ ನೋಡಿ ಜೋಡಿಸಿದ್ದನ್ನೆಲ್ಲ ತೆಗೆದುಹಾಕಿ, ತೊಂದರೆ ನೋಡಿ ಜೋಡಿಸಿದೆ. ಕಾಲು ಒಡೆದಿದ್ದರೆ, ಕೂದಲು ಉದುರುತ್ತಿದ್ದರೆ, ಬಿಸಿಲಿಗೆ ಚರ್ಮ ಉರಿದರೆ ಎಂದು ಕನ್ನಡದಲ್ಲಿ ದಪ್ಪಕ್ಷರದ ಚೀಟಿ ಅಂಟಿಸಿದೆ. ಪ್ರತಿ ಸಾಲಿನಲ್ಲೂ ಒಂದು ಟ್ಯೂಬು ತೆರೆದಿಟ್ಟೆ, ಯಾರು ಬೇಕಾದರೂ ಕೈಗೆ ಹಚ್ಚಿಕೊಂಡು ನೋಡಲಿ ಎಂದು. ಮಾತಾಡಿ ಮಾರುವುದನ್ನು ಬಿಟ್ಟ ಮೇಲೆ ಕಾಲೇಜು ಹುಡುಗಿಯರೂ ತಾವಾಗಿಯೇ ಬಂದು ಬೀರುವಿನ ಮುಂದೆ ನಿಲ್ಲತೊಡಗಿದರು. ಟೀಚರು ಒಂದು ದಿನ ಗೊರಕೆ ನಿಲ್ಲಿಸಿ, ಕೂದಲ ಸಾಲಿನಲ್ಲಿರುವುದರಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದರು. ಅತ್ತೆ ಮಾತ್ರ ಎಲ್ಲರಿಗೂ ಕೊಡಲು ಬಿಡುತ್ತಿರಲಿಲ್ಲ. ಸ್ವಲ್ಪವೇ ಒಡೆದ ಕಾಲು ತೋರಿಸಿದವರಿಗೆ, ಇದಕ್ಕೆ ಹರಳೆಣ್ಣೆ ಸಾಕು ಹೋಗವ್ವ ಎಂದು ಕಳಿಸಿಬಿಡುತ್ತಿದ್ದರು. ನನಗೆ ಒಳಗೇ ಕಸಿವಿಸಿ. ಆದರೂ ಸುಮ್ಮನಿದ್ದೆ.

ಸುಮ್ಮನಿರಲಾಗದ ದಿನವೂ ಬಂತು. ಲಿಂಗದಹಳ್ಳಿ ಕಡೆಯ ಒಬ್ಬ ಹುಡುಗಿ ತಾಯಿಯ ಜೊತೆ ಕಡೂರಿನ ನೆಂಟರ ಮನೆಗೆ ಬಂದವಳು ಪಾರ್ಲರಿಗೂ ಬಂದಳು. ಅಜ್ಜಂಪುರದ ಕಡೆ ಮದುವೆ ಗೊತ್ತಾಗಿತ್ತು. ಅಷ್ಟರಲ್ಲಿ ಮಗಳು ಬೆಳ್ಳಗಾಗಬೇಕು, ಎಷ್ಟಾದರೂ ಆಗಲಿ, ಒಳ್ಳೆಯ ಕ್ರೀಮು ಕೊಡಿ ಎಂದರು ತಾಯಿ. ಬೀರುವಿನಲ್ಲಿ ಎಲ್ಲಕ್ಕಿಂತ ದುಬಾರಿ ಇದ್ದದ್ದು ಅದೇ. ಇಷ್ಟು ಡಬ್ಬಿ ಮಾರಿದರೆ ಹೇರ್ ಡ್ರೈಯರ್ ಬಹುಮಾನ ಎಂದು ಸೇಲ್ಸ್‌ಮನ್ ಆಸೆಯನ್ನೂ ಹಚ್ಚಿದ್ದ. ನಾನು ಡಬ್ಬಿಗೆ ಕೈ ಹಾಕಿದೆ.

ಅತ್ತೆ ಸ್ಟೂಲಿನ ಮೇಲಿಂದಲೇ ಕೇಳಿದರು: "ಅದನ್ನ ನೀನು ಒಂದು ಕೆನ್ನೆಗೆ ಹಚ್ಕೊಂಡು ನೋಡಿದ್ದೀಯೇನವ್ವ?"

ಹುಡುಗಿ ಕಿಸಕ್ಕನೆ ನಕ್ಕಳು. ತಾಯಿಗೆ ಅವಮಾನವಾಯಿತು. ಕೊಳ್ಳೋಕೆ ಬಂದವರನ್ನು ಆಡಿಕೊಳ್ಳುತ್ತೀರಾ ಎಂದು ಮಗಳ ಕೈ ಹಿಡಿದು ಎಬ್ಬಿಸಿಕೊಂಡು ಹೋದರು. ನನ್ನ ಕೈಯಲ್ಲಿ ಡಬ್ಬಿ, ಮೈಯೆಲ್ಲ ಸಿಟ್ಟು. ಮದುಮಗಳ ಅಲಂಕಾರದ ಕೆಲಸವೂ ಅವರ ಜೊತೆಗೇ ಎದ್ದು ಹೋಯಿತಲ್ಲ ಎಂಬ ಸಂಕಟ ಬೇರೆ. ಹೊಲದ ವಿಚಾರಕ್ಕೆ ನಾನು ಬರುವುದಿಲ್ಲ, ಅಂಗಡಿಯ ವಿಚಾರಕ್ಕೆ ನೀವು ಬರಬೇಡಿ ಎಂದುಬಿಟ್ಟೆ. ಅವರು ಚೀಲ ಎತ್ತಿಕೊಂಡು ಹೊರಟರು. ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಆ ಗಂಟೆಯನ್ನು ಅವರು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕಳೆದರು ಎಂದು ಅಲ್ಲಿ ಹೂ ಮಾರುವವಳು ಆಮೇಲೆ ಹೇಳಿದಳು.

ಎರಡು ಸಂತೆ ಅವರು ಬರಲಿಲ್ಲ. ಊರ ಹೆಂಗಸರು ಬರುತ್ತಿದ್ದರು, ಟ್ಯೂಬು ಕೈಯಲ್ಲಿ ಹಿಡಿದು ನಿಮ್ಮತ್ತೆ ಇಲ್ಲವೇ ಎಂದು ಕೇಳುತ್ತಿದ್ದರು, ಮುಂದಿನ ವಾರ ಬರುತ್ತೇವೆ ಎಂದು ಅಲ್ಲೇ ಇಟ್ಟು ಹೋಗುತ್ತಿದ್ದರು. ನನಗೆ ಅರ್ಥವಾಗತೊಡಗಿತು. ಅವರು ನಂಬಿದ್ದು ನನ್ನ ಬೀರುವನ್ನಲ್ಲ. ಹರಳೆಣ್ಣೆ ಸಾಕು ಎನ್ನುವ ಆ ಬಾಯಿಯನ್ನು.

ಇಷ್ಟಾದರೂ ಸೋಲಲು ಮನಸ್ಸಿಲ್ಲ. ಅತ್ತೆಯ ಮಾತನ್ನು ಸುಳ್ಳು ಮಾಡಬೇಕೆಂದೇ ಆ ಬೆಳ್ಳಗಾಗುವ ಕ್ರೀಮನ್ನು ಎಡಗೆನ್ನೆಗೆ ಹಚ್ಚಲು ಶುರು ಮಾಡಿದೆ. ಮೂರು ದಿನ ಏನೋ ಹೊಳಪು ಬಂದ ಹಾಗಿತ್ತು. ಐದನೆಯ ದಿನ ಉರಿ ಶುರುವಾಯಿತು. ಆರನೆಯ ದಿನ ಬೆಳಗ್ಗೆ ಕೆನ್ನೆ ಕೆಂಪಾಗಿ ಸಣ್ಣ ಸಣ್ಣ ಗುಳ್ಳೆ ಎದ್ದಿದ್ದವು. ನನ್ನ ಗಂಡ ಕಾಫಿ ಲೋಟ ಹಿಡಿದು ಕೆಲಹೊತ್ತು ನೋಡಿ, ಯಾರು ಹೊಡೆದರು ಎಂದು ಕೇಳಿದರು. ಪಾರ್ಲರಿನ ಬಾಗಿಲು ತೆಗೆಯುವ ಹಾಗೇ ಇರಲಿಲ್ಲ. ಅಂಥ ಮುಖ ಇಟ್ಟುಕೊಂಡು ಯಾರ ಮುಖಕ್ಕೆ ಕೈ ಹಾಕಲಿ? ಸೀರೆಯ ಸೆರಗನ್ನು ಕೆನ್ನೆಯವರೆಗೆ ಹೊದ್ದು ಸಿಂಗಟಗೆರೆ ಬಸ್ಸು ಹತ್ತಿದೆ.

ಅತ್ತೆ ಅಂಗಳದಲ್ಲಿ ಕೊಬ್ಬರಿ ಒಣಹಾಕುತ್ತಿದ್ದರು. ನಾನು ಸೆರಗು ಸರಿಸಿದೆ. ಅವರು ಹತ್ತಿರ ಬಂದು ಗಲ್ಲ ಹಿಡಿದು, ಮುಖವನ್ನು ಬಿಸಿಲಿಗೆ ತಿರುಗಿಸಿ ನೋಡಿದರು. ಆಮೇಲೆ ಇನ್ನೊಂದು ಕೆನ್ನೆಯನ್ನು ನೋಡಿದರು.

"ಈ ಕಡೀಕೆ ಏನೂ ಹಚ್ಚಿಲ್ಲ ತಾನೇ?"

"ಇಲ್ಲ ಅತ್ತೆ."

"ಸರಿಯಾಗೇ ನೋಡಿದ್ದೀಯ ಬಿಡು."

ಅಷ್ಟೇ. ನಾನು ಬೈಗುಳ ಕೇಳಲು ತಯಾರಾಗಿ ಬಂದಿದ್ದೆ. ಅವರ ದನಿಯಲ್ಲಿ ಇದ್ದದ್ದು ಮೆಚ್ಚುಗೆ. ಅದನ್ನು ಕೇಳಿ ನನಗೆ ಅಳು ಬಂತು. ಅವತ್ತು ಹಾಗೆ ಮಾತಾಡಬಾರದಿತ್ತು ಎಂದು ಹೇಳಲು ಹೋದರೆ, ಅಳಬೇಡ, ಉಪ್ಪುನೀರು ಬಿದ್ದರೆ ಇನ್ನೂ ಉರಿಯುತ್ತದೆ ಎಂದು ತಣ್ಣೀರಿನ ಬಟ್ಟೆ ತಂದುಕೊಟ್ಟರು. ಮನೆಯ ಮದ್ದು ಏನನ್ನೂ ಹಚ್ಚಲಿಲ್ಲ. ಡಾಕ್ಟರಿಗೆ ತೋರಿಸು ಎಂದರು. ತೋರಿಸಿದೆ. ಹತ್ತು ದಿನದಲ್ಲಿ ಕೆನ್ನೆ ಮೊದಲಿನಂತಾಯಿತು. ಆ ಡಬ್ಬಿಗಳನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ ಸೇಲ್ಸ್‌ಮನ್‌ಗೆ ವಾಪಸ್ಸು ಕೊಟ್ಟೆ. ಹೇರ್ ಡ್ರೈಯರ್ ಬರಲಿಲ್ಲ. ಮುಂದಿನ ಸಂತೆಗೆ ಅತ್ತೆ ಬಂದರು.

ಆ ಲಿಂಗದಹಳ್ಳಿ ಹುಡುಗಿಯೂ ಬಂದಳು. ಈ ಸಲ ಒಬ್ಬಳೇ. ಬಾಗಿಲಲ್ಲೇ ನಿಂತು ಅತ್ತೆಯನ್ನು ನೋಡಿ ನಕ್ಕು ಒಳಗೆ ಬಂದಳು. "ಹುಡುಗನ ಮನೆಯವ್ರು ನನ್ ಬಣ್ಣ ನೋಡೇ ಒಪ್ಕೊಂಡವ್ರೆ ಅಕ್ಕ. ಮದುವೆ ದಿನ ಬೇರೆ ಯಾರೋ ಬಂದು ಕೂತಂಗೆ ಮಾಡ್ಬೇಡಿ, ನನ್ನಂಗೇ ಇರ್ಲಿ" ಎಂದಳು. ಅಲಂಕಾರಕ್ಕೆ ನನ್ನನ್ನು ಗೊತ್ತು ಮಾಡಿ, ಈ ಅಜ್ಜಿಯನ್ನೂ ಕರೆದುಕೊಂಡು ಬರಬೇಕು ಎಂದು ಲಗ್ನಪತ್ರಿಕೆ ಕೊಟ್ಟು ಹೋದಳು.

ಮದುವೆ ಅಜ್ಜಂಪುರದ ಛತ್ರದಲ್ಲಿ. ಅವಳ ಬಣ್ಣಕ್ಕೆ ಸರಿಹೊಂದುವ ಪೌಡರನ್ನೇ ಹುಡುಕಿ ತಂದಿದ್ದೆ. ಕಣ್ಣಿಗೆ ಮಾತ್ರ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡೆ. ಅಷ್ಟು ಹೊತ್ತೂ ತಾಯಿ ಕೋಣೆಯ ಒಳಕ್ಕೂ ಹೊರಕ್ಕೂ ಓಡಾಡುತ್ತಿದ್ದರೇ ಹೊರತು ನನ್ನ ಜೊತೆ ಮಾತಾಡಲಿಲ್ಲ. ಹುಡುಗಿ ಮಂಟಪಕ್ಕೆ ನಡೆದಾಗ ಗಂಡಿನ ಕಡೆಯ ಒಬ್ಬ ಹಿರಿಯಾಕೆ, ನಾವು ನೋಡಿ ಬಂದಾಗ ಹೆಂಗಿದ್ಲೋ ಅದೇ ಮುಖ, ಇನ್ನೂ ಕಳೆ ಬಂದದೆ ಎಂದದ್ದು ನಮಗೆಲ್ಲ ಕೇಳಿಸಿತು. ತಾಯಿಗೂ ಕೇಳಿಸಿತು. ಊಟದ ಹೊತ್ತಿಗೆ ಅವರೇ ಹೋಳಿಗೆಯ ತಟ್ಟೆ ಹಿಡಿದು ಬಂದು ನಮ್ಮ ಎಲೆಯ ಮುಂದೆ ನಿಂತರು.

"ಅವತ್ತು ದುಡುಕ್ಬಿಟ್ಟೆ ಕಣ್ರಮ್ಮ" ಎಂದರು.

"ದುಡುಕಿದ್ದು ನೀನಲ್ಲ ಬಿಡವ್ವ, ನನ್ ಬಾಯೇ ವಸಿ ಉದ್ದ" ಎಂದರು ಅತ್ತೆ. ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಇನ್ನೊಂದು ಕೇಳಿದರು.

ಕಡೂರಿಗೆ ಬಸ್ಸಿನಲ್ಲಿ ವಾಪಸ್ಸು ಬರುವಾಗ ಅತ್ತೆ ತಾಂಬೂಲದ ಚೀಲ ಬಿಚ್ಚಿದರು. ತೆಂಗಿನಕಾಯಿ, ಎಲೆಯಡಿಕೆಯ ಜೊತೆಗೆ ಯಾವುದೋ ಹೊಸ ಸೋಪು ಇತ್ತು. ಅದರ ಹಿಂದೆ ಸಣ್ಣಕ್ಷರದಲ್ಲಿ ಏನು ಬರೆದಿದೆ, ಓದಿ ಹೇಳು ಎಂದರು. ಓದಿದೆ. ಒಂದೊಂದು ಪದಕ್ಕೂ ಹಂಗಂದ್ರೆ ಏನು ಎಂದು ಕೇಳಿದರು. ಅರ್ಧ ಗೊತ್ತಿತ್ತು, ಅರ್ಧ ಗೊತ್ತಿರಲಿಲ್ಲ. ಬೀರೂರು ದಾಟುವವರೆಗೂ ಅದೇ ಆಯಿತು. ಗೊತ್ತಿಲ್ಲದ್ದನ್ನೆಲ್ಲ ಬರೆದಿಟ್ಟುಕೊಂಡು ಆ ವಾರ ಬಂದ ಸೇಲ್ಸ್‌ಮನ್‌ನನ್ನು ಕೇಳಿದೆ. ಅವನಿಗೂ ಗೊತ್ತಿರಲಿಲ್ಲ. ಅವನು ಹಣೆ ಒರೆಸಿಕೊಂಡು, ಸ್ಟೂಲಿನ ಮೇಲೆ ಕೂತಿದ್ದ ಅತ್ತೆಯ ಕಡೆ ಒಮ್ಮೆ ನೋಡಿ, ಕೇಳಿಕೊಂಡು ಬಂದು ಹೇಳುತ್ತೇನೆ ಎಂದ. ಈಗ ಅವನು ಹೊಸದೇನಾದರೂ ತಂದರೆ ಬೀದಿಯಲ್ಲೇ ಸ್ಕೂಟರ್ ನಿಲ್ಲಿಸಿ, ಡಬ್ಬಿಯ ಹಿಂಬದಿಯನ್ನು ಎರಡು ಸಲ ಓದಿಕೊಂಡು ಒಳಗೆ ಬರುತ್ತಾನೆ.