ರೀಠಾ ಪುಡಿಯ ಬಾಟಲಿಗಳು

ಫಿನೈಲಿನ ವಾಸನೆ ಬಂದರೆ ಸಾಕು, ನಮ್ಮ ಅತ್ತೆಗೆ ಕೆಮ್ಮು ಹತ್ತುತ್ತಿತ್ತು. ನೆಲ ಒರೆಸಿದ ದಿನ ಪಾಪ, ಸೆರಗು ಮೂಗಿಗೆ ಒತ್ತಿಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಒಂದು ದಿನ ತಲೆ ಕೆಟ್ಟು ಫಿನೈಲು, ಪಾತ್ರೆ ತೊಳೆಯುವ ಹಸಿರು ನೀರು, ಸಂಡಾಸಿನ ಆಸಿಡ್ಡು ಎಲ್ಲವನ್ನೂ ಮನೆಯಿಂದ ಹೊರಗೆ ಹಾಕಿದೆ.

"ಇನ್ನ ಮ್ಯಾಲ ಇವ್ಯಾವೂ ಈ ಮನ್ಯಾಗ ಬರಂಗಿಲ್ಲ ನೋಡ್ರಿ ಅತ್ತಿ."

"ನನ್ನ ಸಲುವಾಗಿ ಇಷ್ಟ್ಯಾಕ ಮಾಡ್ತಿ ಯವ್ವಾ," ಎಂದು ಅವರು ನಕ್ಕರು.

ಅತ್ತೆ ಔರಾದ ತಾಲ್ಲೂಕಿನ ಚಿಂತಾಕಿಯವರು. ಮಾವ ಹೋದ ಮೇಲೆ ಬೀದರಿನಲ್ಲಿ ನಮ್ಮ ಜೊತೆಗೇ ಇದ್ದಾರೆ. ಸುಗ್ಗಿ ಹಬ್ಬದ ಆರಾಧನೆಯಲ್ಲಿ ನಮ್ಮ ಚರ್ಚಿನ ಮೊದಲ ಹಾಡು ಎತ್ತುವವರು ಅವರೇ. ಅವರು ದನಿ ತೆಗೆದರೆ ಹೊರಗೆ ಚಪ್ಪಲಿ ಬಿಡುತ್ತಿದ್ದವರೂ ಹಾಗೇ ನಿಲ್ಲುತ್ತಿದ್ದರು. ಆ ಕಂಠ ಕೆಮ್ಮಿಗೆ ಹಾಳಾಗಬಾರದು ಎಂಬುದೇ ನನ್ನ ಹಟವಾಗಿತ್ತು.

ನೆಲಕ್ಕೆ ಬೇವಿನೆಲೆ ಕುದಿಸಿದ ನೀರು, ಪಾತ್ರೆಗೆ ಬೂದಿ, ಹಿತ್ತಾಳೆಗೆ ಹುಣಸೆಹಣ್ಣು ಬಂದವು. ಬಟ್ಟೆಗೆ ಅಂಟುವಾಳ, ನಮ್ಮ ಕಡೆ ಅದಕ್ಕೆ ರೀಠಾ ಎನ್ನುತ್ತಾರೆ. ಕಾಯಿ ನೆನೆಹಾಕಿ ಕುದಿಸಿದರೆ ನೊರೆ ತಾನೇ ಬರುತ್ತದೆ. ಕೆಲವೇ ವಾರಗಳಲ್ಲಿ ಅತ್ತೆಯ ಕೆಮ್ಮು ನಿಂತಿತು. ನಾನೂ ಅಲ್ಲಿಗೇ ನಿಂತಿದ್ದರೆ ಒಳ್ಳೆಯ ಸೊಸೆ ಅನ್ನಿಸಿಕೊಂಡು ಇರುತ್ತಿದ್ದೆ.

ಆದರೆ ಹೊಗಳಿಕೆಯ ರುಚಿ ಹತ್ತಿತು. ನಾನು ಟೀಚರು, ಕೇಳಿದವರಿಗೆಲ್ಲ ಪಾಠ ಹೇಳುವುದೇ ಚಾಳಿ. ಸುಗ್ಗಿ ಹಬ್ಬಕ್ಕೆ ಜನ ಹೊಲದ ತೊಗರಿ, ಜೋಳ, ಮನೆಯ ಕೋಳಿ ತಂದು ದೇವರ ಮುಂದಿಡುತ್ತಾರೆ, ಆರಾಧನೆ ಮುಗಿದ ಮೇಲೆ ಅವೆಲ್ಲ ಹರಾಜಾಗುತ್ತವೆ. ನಮಗೆ ಹೊಲವಿಲ್ಲ. ಈ ಸಲ ರೀಠಾ, ಸೀಗೆಕಾಯಿ ಕುಟ್ಟಿ ಪುಡಿ ಮಾಡಿ ಗಾಜಿನ ಬಾಟಲಿಗೆ ತುಂಬಿಕೊಡೋಣ ಅನ್ನಿಸಿತು. ಕುದಿಸಿದ ನೀರು ಬೇಗ ಹಳಸುತ್ತದೆ. ಪುಡಿಯಾದರೆ ಕೆಡುವುದಿಲ್ಲ, ರಿಬ್ಬನ್ ಕಟ್ಟಿದರೆ ಚೆಂದವೂ ಕಾಣುತ್ತದೆ.

ತವರೂರು ಭಾಲ್ಕಿಯ ಬಜಾರಿನಿಂದ ಚೀಲ ತುಂಬ ಕಾಯಿ ತಂದೆ. ಕುಟ್ಟುವವರು ಯಾರು? ನನಗೆ ಶಾಲೆ.

"ನಾ ಕುಟ್ತೇನಿ ಬಿಡು. ಕುಂತ್ ಕುಂತ್ ಬ್ಯಾಸರ ಆಗ್ಯಾದ," ಎಂದರು ಅತ್ತೆ.

ಹಿಂದಿನ ಕೋಣೆಯಲ್ಲಿ ಒರಳು ಇಟ್ಟುಕೊಟ್ಟೆ. "ಗಾಳಿಗಿ ಪುಡಿ ಹಾರ್ತದ, ಕಿಟಕಿ ಹಾಕ್ಕೊಂಡು ಕುಟ್ರಿ," ಎಂದೂ ಹೇಳಿದೆ. ಭಾಲ್ಕಿಯಲ್ಲಿ ನಮ್ಮವ್ವ ಸೀಗೆ ಕುಟ್ಟುವಾಗ ಅಂಗಳದಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂಡುತ್ತಿದ್ದಳು, ನಮ್ಮನ್ನು ದೂರ ಓಡಿಸುತ್ತಿದ್ದಳು. ಆದರೂ ಇಡೀ ಓಣಿ ಸೀನುತ್ತಿತ್ತು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಕಿಟಕಿ ಹಾಕಿಸಿದೆ.

ಶಾಲೆಯಿಂದ ಬಂದಾಗ ಅವರ ಕಣ್ಣು ಕೆಂಪಗಿರುತ್ತಿದ್ದವು, ದನಿ ಗೊಗ್ಗರು. ಕೇಳಿದರೆ "ನೆಗಡಿ ಆಗ್ಯಾದ, ಬಿಡು" ಎನ್ನುತ್ತಿದ್ದರು. ನಂಬಿದರೆ ನನಗೇ ಅನುಕೂಲ, ನಂಬಿದೆ.

ಹಬ್ಬದ ದಿನ ಪಾಸ್ಟರು ಅತ್ತೆಯ ಕಡೆ ನೋಡಿ ತಲೆಯಾಡಿಸಿದರು. ಅತ್ತೆ ಎದ್ದು ನಿಂತು ಬಾಯಿ ತೆರೆದರು. ಮೊದಲ ಸಾಲು ನಡುವೆಯೇ ಒಡೆಯಿತು, ಕೆಮ್ಮು ಒತ್ತರಿಸಿತು. ಬೆಂಚು ಹಿಡಿದುಕೊಂಡು ಕೂತುಬಿಟ್ಟರು. ಹಿಂದಿನ ಸಾಲಿನಿಂದ ಯಾರೋ ಹಾಡು ಮುಂದುವರಿಸಿದರು.

ಆಮೇಲೆ ಹರಾಜು. ನನ್ನ ಬಾಟಲಿಗಳಿಗೆ ಪೈಪೋಟಿಯೋ ಪೈಪೋಟಿ, ಚಪ್ಪಾಳೆ. ಪಕ್ಕದ ಹೆಂಗಸೊಬ್ಬರು ಅತ್ತೆಯನ್ನು ಛೇಡಿಸಿದರು: "ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ ಅಂತಾರಲ್ರಿ, ಈ ವರ್ಷ ಸೊಸಿದೇ ಕಾಲ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಥೂ, ನನ್ನ ಬಾಳಿಗಿಷ್ಟು!

ಮನೆಗೆ ಬಂದು ಅತ್ತೆಯ ಮುಂದೆ ಕೂತು ಕೇಳಿದೆ.

"ಪುಡಿ ಘಾಟಿಗಿ ಆಗ್ಯಾದಲ್ರಿ ಇದು? ಯಾಕ ಹೇಳಲಿಲ್ರಿ ನೀವು?"

"ಹ್ಯಾಂಗ ಹೇಳ್ಲಿ? ನನಗ ತಾಳಂಗಿಲ್ಲ ಅಂತ ನೀ ಫಿನೈಲು ಬಿಟ್ಟಿ. ಈಗ ಇದೂ ತಾಳಂಗಿಲ್ಲ ಅಂದ್ರ, ಮುದುಕಿ ಕಿರಿಕಿರಿ ಭಾಳ ಆತು ಅನ್ನಂಗಿಲ್ಲೇನು ನೀ?"

ಅಂದಿದ್ದರೂ ಅಂದಿರುತ್ತಿದ್ದೆ, ನನ್ನ ಬಾಯಿ ನನಗೆ ಗೊತ್ತಿಲ್ಲವೇ?

ದನಿ ಮರಳಲು ಸಮಯ ಬೇಕು ಎಂದಿದ್ದಾರೆ ಡಾಕ್ಟರು. ಪೂರ್ತಿ ಮರಳುತ್ತದೆ ಎಂದು ಮಾತ್ರ ಹೇಳಲಿಲ್ಲ. ಒರಳು ಅಟ್ಟ ಸೇರಿದೆ. ಈಗ ರೀಠಾ ಇಡಿಯಾಗಿ ನೆನೆಯುತ್ತದೆ, ನಾನೇ ಕುದಿಸುತ್ತೇನೆ. ಬಾಟಲಿ ಕೇಳಿದವರಿಗೆ ಮಾಡುವುದಿಲ್ಲ ಎಂದಷ್ಟೇ ಹೇಳುತ್ತೇನೆ.

ಕಳೆದ ಭಾನುವಾರ ಚರ್ಚಿನಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತಿದ್ದೆವು. ಹಾಡು ಶುರುವಾಯಿತು. ಅತ್ತೆಯ ತುಟಿ ಆಡುತ್ತಿತ್ತು. ಹತ್ತಿರಕ್ಕೆ ಬಾಗಿ ಕಿವಿಗೊಟ್ಟೆ, ದನಿ ಇರಲಿಲ್ಲ. ನಾನು ನೋಡುತ್ತಿರುವುದು ಗೊತ್ತಾಗಿ, ನನಗೆ ನೋವಾಗಬಾರದೆಂದು ಅವರು ಬಾಯಿಯನ್ನು ಇನ್ನಷ್ಟು ದೊಡ್ಡದಾಗಿ ತೆರೆದರು.